ಮೊದಲ ಓಪನರ್‌ಗೆ ಹೊರಟ ಗುಬ್ಬಿಯ ತಮ್ಮನಿಗೆ

ತಮ್ಮಾ,

ನೀನು ಬರೆದದ್ದು ಇಷ್ಟು: "ಅಣ್ಣಾ, ಫೆಬ್ರವರಿಯಲ್ಲಿ ಮಿನಿಯಾಪೊಲಿಸ್‌ಗೆ ಬಂದೆ. ಆಫೀಸಿನಲ್ಲಿ ಯಾರನ್ನ ಕೇಳಿದರೂ ಮೇ ತಿಂಗಳ ಫಿಶಿಂಗ್ ಓಪನರ್, ಅಂದರೆ ಮೀನು ಹಿಡಿಯೋ ಕಾಲ ಶುರುವಾಗೋ ದಿನದ ಮಾತೇ. ಮಿಲ್ ಲ್ಯಾಕ್ಸ್ ಕೆರೆ ಹತ್ತಿರ ಕ್ಯಾಬಿನ್ ಇದೆ, ದೋಣಿ ಇದೆ, ಬಾ ಅಂತ ಟೀಮಿನವರು ಕರೆದಿದ್ದಾರೆ. ಗುಬ್ಬಿ ಕೆರೇಲಿ ಗಾಳ ಹಾಕಿ ಬೆಳೆದವನು ನಾನು, ಈಜೂ ಬರುತ್ತೆ. ಏನೇನು ತಗೋಬೇಕು, ಲೈಸೆನ್ಸ್ ಬೇಕಾ, ಹಿಡಿದ ಮೀನು ಮನೆಗೆ ತರಬಹುದಾ? ಹಾಗೇ ಬಾಡಿಗೆ ಮನೆ, ಕಾರಿನ ವಿಷಯಾನೂ ಸ್ವಲ್ಪ ಹೇಳಿ."

ಮನೆಯನ್ನ ಲೈಟ್ ರೈಲಿಗೆ ನಡೆದು ಹೋಗುವಷ್ಟು ಹತ್ತಿರ ನೋಡು. ಕಾರನ್ನ ಚಳಿಗಾಲ ಬರೋ ಮುಂಚೆ ತಗೋ. ಸದ್ಯಕ್ಕೆ ಅಷ್ಟು ಸಾಕು. ಉಳಿದದ್ದನ್ನ ಉದ್ದಕ್ಕೆ ಬರೀತೀನಿ, ಯಾಕಂದ್ರೆ ನೀನು ಎರಡೇ ಪದದಲ್ಲಿ ಹೇಳಿ ಮುಂದೆ ಹೋದ "ಈಜೂ ಬರುತ್ತೆ" ಅನ್ನೋ ಮಾತು ನನಗೆ ಸಮಾಧಾನ ಕೊಡಲಿಲ್ಲ. ಮೀನಿನ ವಿಷಯದಲ್ಲಿ ನಿನ್ನ ಕೈಗೆ ಗೊತ್ತಿರೋದೆಲ್ಲ ಇಲ್ಲಿ ನಡೆಯುತ್ತೆ. ನೀರಿನ ವಿಷಯದಲ್ಲಿ ಗೊತ್ತಿರೋದು ನಡೆಯಲ್ಲ. ಅದನ್ನ ಮುಂದೆ ವಿವರವಾಗಿ ಹೇಳ್ತೀನಿ, ಆ ಭಾಗವನ್ನ ಎರಡು ಸಲ ಓದು.

ನಾನು ಇಲ್ಲಿ ಇಳಿದಾಗ ಏಪ್ರಿಲ್. ಕೆರೆಗಳ ಮೇಲೆ ಇನ್ನೂ ಐಸ್ ಕೂತಿತ್ತು, ಆದರೂ ಆಫೀಸಿನ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಒಂದು ಶನಿವಾರಕ್ಕೆ ಕೆಂಪು ಸುತ್ತು ಹಾಕಿತ್ತು. ನಮ್ಮ ಕಡೆ ಕೆರೆ ಕೋಡಿ ಬಿದ್ದ ದಿನ ಊರಿಗೆ ಊರೇ ಮಂಕರಿ, ಸೀರೆ, ಸೊಳ್ಳೆ ಪರದೆ ಹಿಡಿದು ಕೋಡಿ ಹಳ್ಳಕ್ಕೆ ಇಳಿಯುತ್ತಲ್ಲ, ಆ ಸಂಭ್ರಮ ಇವರಿಗೆ ತಾರೀಖು ಹಿಡಿದು ಬರುತ್ತೆ. ಮೇ ಕೊನೆಯ ಸೋಮವಾರ ಮೆಮೋರಿಯಲ್ ಡೇ. ಅದರ ಹಿಂದಿನ ಶನಿವಾರದಿಂದ ಎರಡು ವಾರ ಹಿಂದಕ್ಕೆ ಎಣಿಸಿದರೆ ಓಪನರ್. 2026ಕ್ಕೆ ಲೆಕ್ಕ ಹಾಕಿದರೆ ಮೇ 9. ವಾಲೈ ಮತ್ತು ನಾರ್ದರ್ನ್ ಪೈಕ್ ಹಿಡಿಯೋದಕ್ಕೆ ಅವತ್ತು ಬಾಗಿಲು ತೆರೆಯುತ್ತೆ, ಅದೂ ಶುಕ್ರವಾರ ರಾತ್ರಿ ಹನ್ನೆರಡು ಹೊಡೆದ ಕೂಡಲೇ. ವಾಲೈ ಅನ್ನೋದು 1965ರಿಂದ ಮಿನಿಸೋಟದ ರಾಜ್ಯ ಮೀನು. ರಾಜ್ಯದ ಗವರ್ನರ್ ಕೂಡ ಅವತ್ತು ದೋಣಿ ಹತ್ತೋ ಸಂಪ್ರದಾಯ 1948ರಿಂದ ನಡೆದು ಬಂದಿದೆ. ಆಫೀಸಿನವರು ನಿನ್ನನ್ನ ಈ ವಾರಾಂತ್ಯಕ್ಕೆ ಮನೆಗೆ ಕರೆದಿದ್ದಾರೆ ಅಂದರೆ ಹಬ್ಬಕ್ಕೆ ಕರೆದ ಹಾಗೆ. ಬರಿಗೈಲಿ ಹೋಗಬಾರದು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಪೆಟ್ರೋಲು, ಮೀನಿನ ತಿಂಡಿ ಇವುಗಳ ಖರ್ಚಿನಲ್ಲಿ ನಿನ್ನ ಪಾಲು ನೀನೇ ಮುಂದಾಗಿ ಕೊಡು, ಅವರು ಬಾಯಿ ಬಿಟ್ಟು ಕೇಳಲ್ಲ.

ಲೈಸೆನ್ಸ್ ಬೇಕೇ ಬೇಕು. ನಮ್ಮಲ್ಲಿ ಕೆರೆ ಮೀನು ಹರಾಜಾಗುತ್ತೆ, ಗುತ್ತಿಗೆ ಹಿಡಿದವನು ಏರಿ ಮೇಲೆ ಗಾಳ ಹಾಕೋ ಹುಡುಗರನ್ನ ಕಂಡೂ ಕಾಣದ ಹಾಗೆ ಬಿಡ್ತಾನೆ. ಇಲ್ಲಿ ಹಾಗೆ ನೋಡಿಯೂ ಬಿಡೋರು ಇಲ್ಲ. 16 ವರ್ಷ ತುಂಬಿದ ಪ್ರತಿಯೊಬ್ಬರ ಹತ್ತಿರ ಅವರವರ ಹೆಸರಿನ ಲೈಸೆನ್ಸ್ ಇರಬೇಕು, ಮೀನು ಹಿಡಿಯೋ ನಿಯಮ ನೋಡಿಕೊಳ್ಳೋ ಅಧಿಕಾರಿ, ವಾರ್ಡನ್, ನೇರವಾಗಿ ದೋಣಿ ಪಕ್ಕಕ್ಕೆ ಬಂದು ಕೇಳ್ತಾರೆ. ಲೈಸೆನ್ಸಿನ ವರ್ಷ ಮಾರ್ಚ್ 1ಕ್ಕೆ ಶುರುವಾಗಿ ಫೆಬ್ರವರಿ ಕೊನೆಗೆ ಮುಗಿಯುತ್ತೆ. ಫೆಬ್ರವರಿಯಲ್ಲಿ ಯಾರೋ ಐಸ್ ಮೇಲೆ ಮೀನು ಹಿಡಿಯೋಕೆ ಕರಕೊಂಡು ಹೋಗಿ ಕೊಡಿಸಿದ ಲೈಸೆನ್ಸ್ ಇದ್ದರೆ ಅದರ ಕಾಲ ಮುಗಿದಿದೆ. ನಿವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ನಿನ್ನ ವೀಸಾಕ್ಕೆ ಯಾವುದು ಅಂತ ಕೌಂಟರಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ ಕೇಳು. ನಾಲ್ಕು ಡಾಲರ್ ಉಳಿಸೋಕೆ ಹೋಗಿ ವೀಸಾ ಮೇಲಿರೋನು ಒಂದು ಕೇಸು ಮೈಮೇಲೆ ಹಾಕಿಕೊಳ್ಳಬಾರದು. ಓಪನರ್ ಹಿಂದಿನ ಸಂಜೆ ಅಂಗಡಿಗಳಲ್ಲಿ ಸಾಲು ನಿಂತಿರುತ್ತೆ, ವಾರ ಮುಂಚೆಯೇ ತಗೊಂಡುಬಿಡು. ಇನ್ನೊಂದು ಮಾತು. ತೆರೆದ ನೀರಿನಲ್ಲಿ ಒಬ್ಬನಿಗೆ ಒಂದೇ ದಾರ. ನಮ್ಮಲ್ಲಿ ಏರಿ ಉದ್ದಕ್ಕೂ ಐದಾರು ಕಡ್ಡಿ ನೆಟ್ಟು ಬೆಂಡು ನೋಡ್ತಾ ಕೂರೋ ಅಭ್ಯಾಸ ಇಲ್ಲಿ ಬೇಡ.

ಈಗ ಸಾಮಾನು. ರಾಡು ಆರೂವರೆಯಿಂದ ಏಳು ಅಡಿ, ಮೀಡಿಯಂ ಲೈಟ್, ಫಾಸ್ಟ್ ಅಂತ ಬರೆದಿರೋದು. ಅದಕ್ಕೆ 2500 ಸೈಜಿನ ಸ್ಪಿನ್ನಿಂಗ್ ರೀಲು. ದಾರ 6 ಅಥವಾ 8 ಪೌಂಡಿನ ಮೋನೋ, ಅಂದರೆ ಒಂಟಿ ಎಳೆಯ ನೈಲಾನ್ ದಾರ. ಹೊಸಬನಿಗೆ ಅದೇ ಸರಿ. ಹೆಣೆದ ಬ್ರೇಡ್ ದಾರದಲ್ಲಿ ಮೀನು ಮುಟ್ಟಿದ್ದು ಚೆನ್ನಾಗಿ ತಿಳಿಯುತ್ತೆ, ಆದರೆ ಗಾಳಿಗೆ ಗಂಟಾದರೆ ಬಿಡಿಸೋಕೆ ಬರಲ್ಲ. ಅದರ ತುದಿಗೆ ಬೇರೆ ದಾರ ಕೂಡಿಸೋ ಗಂಟೂ ಕಲಿಯಬೇಕು. ಹಳೇ ರೀಲು ಯಾರಾದರೂ ಕೊಟ್ಟರೆ ಅದರ ಮೇಲಿನ ಮೋನೋ ಕಿತ್ತು ಎಸೆದು ಹೊಸದು ಸುತ್ತು. ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ಕೂತ ಮೋನೋ ಸುರುಳಿ ಸುರುಳಿಯಾಗಿ ಏಳುತ್ತೆ, ತಣ್ಣಗಿನ ಬೆಳಗಿನಲ್ಲಿ ಇನ್ನೂ ಗಡುಸಾಗುತ್ತೆ, ಒಳ್ಳೆ ಮೀನು ಬಿದ್ದ ಹೊತ್ತಿಗೇ ಕಡಿಯುತ್ತೆ. ಸುತ್ತುವಾಗ ದಾರದ ಉಂಡೆಯನ್ನ ನೆಲದ ಮೇಲೆ ಚೀಟಿ ಮೇಲೆ ಬರೋ ಹಾಗೆ ಮಲಗಿಸು, ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಇಪ್ಪತ್ತು ಸುತ್ತು ಸುತ್ತು, ಆಮೇಲೆ ಕೈ ಸಡಿಲಿಸಿ ನೋಡು. ದಾರ ತಿರುಚಿಕೊಂಡರೆ ಉಂಡೆಯನ್ನ ಮಗುಚಿ ಹಾಕಿ ಮತ್ತೆ ಸುತ್ತು. ಸ್ಪೂಲಿನ ಅಂಚಿಗಿಂತ ಇಂಚಿನ ಎಂಟನೇ ಒಂದು ಭಾಗ ಕೆಳಗೆ ನಿಲ್ಲಿಸು. ಜಾಸ್ತಿ ತುಂಬಿದರೆ ಉಂಗುರ ಉಂಗುರವಾಗಿ ತಾನೇ ಉದುರುತ್ತೆ, ಕಮ್ಮಿ ತುಂಬಿದರೆ ದೂರ ಹೋಗಲ್ಲ.

ಡ್ರ್ಯಾಗ್ ಅಂತ ರೀಲಿನ ತಲೆ ಮೇಲೆ ಒಂದು ತಿರುಪು ಇರುತ್ತೆ. ಮೀನು ಜೋರಾಗಿ ಎಳೆದಾಗ ದಾರ ಕಡಿಯೋ ಬದಲು ಬಿಚ್ಚಿಕೊಳ್ಳಲಿ ಅಂತ ಇರೋದು ಅದು. ದಾರದ ಶಕ್ತಿಯ ಕಾಲು ಭಾಗದ ಎಳೆತಕ್ಕೆ ಬಿಚ್ಚಬೇಕು, ಅಂದರೆ 8 ಪೌಂಡ್ ದಾರಕ್ಕೆ 2 ಪೌಂಡು, ಹತ್ತಿರ ಹತ್ತಿರ ಒಂದು ಕೆಜಿ. ಒಂದು ಲೀಟರ್ ನೀರಿನ ಬಾಟಲಿಗೆ ದಾರ ಕಟ್ಟಿ ಎತ್ತಿ ನೋಡು, ಬಾಟಲಿ ನೆಲ ಬಿಡೋ ಹೊತ್ತಿಗೆ ರೀಲು ಬಿಚ್ಚೋಕೆ ಶುರುವಾಗಬೇಕು. ಬಿದಿರು ಕಡ್ಡಿಗೆ ತಂಗೂಸಿ ಕಟ್ಟಿ ಮೀನನ್ನ ದಡಕ್ಕೆ ಹಾರಿಸಿ ರೂಢಿಯಾದವರು ಇಲ್ಲಿ ಡ್ರ್ಯಾಗ್ ಪೂರ್ತಿ ಬಿಗಿ ಮಾಡ್ತಾರೆ, ಮೊದಲ ದೊಡ್ಡ ಪೈಕ್ ಎಲ್ಲಾ ಕಿತ್ತುಕೊಂಡು ಹೋಗುತ್ತೆ.

ಗಾಳದ ಜಾಗದಲ್ಲಿ ಜಿಗ್ ತಗೋ. ಗಾಳದ ಕತ್ತಿನಲ್ಲೇ ಸಣ್ಣ ಗುಂಡು ಎರಕ ಹೊಯ್ದಿರುತ್ತೆ. ಔನ್ಸಿನ ಎಂಟನೇ ಒಂದು ಭಾಗದ್ದು, ಅಂದರೆ ಮೂರೂವರೆ ಗ್ರಾಮಿನದು, ಒಂದು ಡಜನ್. ಆರಡಿಗಿಂತ ಕಮ್ಮಿ ನೀರಿಗೆ ಅದರ ಅರ್ಧ ತೂಕದ್ದು ನಾಲ್ಕು, ಗಾಳಿ ಜೋರಿದ್ದರೆ ಅಂತ ಎರಡರಷ್ಟು ತೂಕದ್ದು ನಾಲ್ಕು. ಗಿಳಿಹಸಿರು, ಕಿತ್ತಳೆ, ಗುಲಾಬಿ, ಈ ಮೂರು ಬಣ್ಣ ಸಾಕು. ತೂಕದ್ದೇ ಮುಖ್ಯ ಲೆಕ್ಕ: ಹಗುರಾದರೆ ತಳ ಮುಟ್ಟಿದ್ದು ತಿಳಿಯಲ್ಲ, ಭಾರವಾದರೆ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತೆ. ತಳ ಮುಟ್ಟೋದರಲ್ಲಿ ಅತಿ ಹಗುರದ್ದು ಯಾವುದೋ ಅದನ್ನ ಕಟ್ಟು. ಗಂಟು ಪಾಲೋಮಾರ್ ಒಂದು ಕಲಿ: ದಾರ ಮಡಚಿ ಕಣ್ಣಿನಲ್ಲಿ ತೂರಿಸಿ, ಸಾದಾ ಗಂಟು ಹಾಕಿ, ಆ ಕುಣಿಕೆಯೊಳಗೆ ಜಿಗ್ ಪೂರ್ತಿ ದಾಟಿಸಿ ಎಳೆಯೋದು. ಬಿಗಿಯೋ ಮುಂಚೆ ಎಂಜಲು ಹಚ್ಚು, ಒಣಗಿದ್ದನ್ನ ಎಳೆದರೆ ಮೋನೋ ಬಿಸಿಗೆ ಸುಟ್ಟ ಹಾಗಾಗಿ ಅಲ್ಲೇ ಕಡಿಯುತ್ತೆ. ಪೈಕ್ ಹಲ್ಲಿಗೆ ದಾರ ನಿಲ್ಲಲ್ಲ, ಅದನ್ನೇ ಹಿಡಿಯೋಕೆ ಹೋಗೋದಾದರೆ ಒಂದಡಿ ಉಕ್ಕಿನ ತಂತಿ ಲೀಡರ್ ಹಾಕು. ವಾಲೈಗೆ ಹಾಕಬೇಡ, ಅದು ಹತ್ತಿರ ಬರಲ್ಲ.

ಮೀನಿನ ತಿಂಡಿಗೆ ರಾಗಿ ಹಿಟ್ಟಿನ ಉಂಡೆ ಬಿಟ್ಟುಬಿಡು. ವಾಲೈ ಇನ್ನೊಂದು ಮೀನನ್ನ ತಿನ್ನೋ ಮೀನು. ನಮ್ಮ ಕೊರವನ ಬುದ್ಧಿ ಅದಕ್ಕೆ, ಜೀವ ಇರೋ ಮೇಲೇ ಕಣ್ಣು. ಮೇ ತಿಂಗಳಿಗೆ ಸಣ್ಣ ಮಿನ್ನೋ ಮೀನು, ಅದರಲ್ಲೂ ಶೈನರ್ ಸಿಕ್ಕರೆ ಮೇಲು. ಸಿಗದಿದ್ದರೆ ಫ್ಯಾಟ್‌ಹೆಡ್. ನೀರು ಸ್ವಲ್ಪ ಬೆಚ್ಚಗಾದ ಮೇಲೆ ಜಿಗಣೆ. ಅಂಗಡಿಯಲ್ಲಿ ಡಬ್ಬಿ ಲೆಕ್ಕದಲ್ಲಿ ಜಿಗಣೆ ಮಾರ್ತಾರೆ ಅಂದರೆ ಊರಲ್ಲಿ ಯಾರೂ ನಂಬಲ್ಲ. ಮಿನ್ನೋಗೆ ಜಿಗ್ ಚುಚ್ಚೋದು ಹೀಗೆ: ಬಾಯಿಂದ ಒಳಗೆ, ಕಿವಿರಿನಿಂದ ಹೊರಗೆ, ಅಲ್ಲಿಂದ ತಿರುಗಿಸಿ ಬೆನ್ನಿಗೆ. ಹಾಗೆ ಚುಚ್ಚಿದರೆ ಎಸೆದಾಗ ಕಿತ್ತು ಹೋಗಲ್ಲ. ಮಿನ್ನೋ ಬಕೆಟ್ಟನ್ನ ತಣ್ಣಗಿಡು. ಕಾರಿನ ಹೀಟರ್ ಮುಂದೆ ಇಟ್ಟರೆ ಮಿಲ್ ಲ್ಯಾಕ್ಸ್ ಮುಟ್ಟೋ ಹೊತ್ತಿಗೆ ಹೊಟ್ಟೆ ಮೇಲೆ ಮಾಡಿ ತೇಲ್ತಿರುತ್ತವೆ.

ಮಿಕ್ಕ ಮಿನ್ನೋಗಳನ್ನ "ಬದುಕಿಕೊಳ್ಳಲಿ" ಅಂತ ಕೆರೆಗೆ ಬಿಡೋ ಹಾಗಿಲ್ಲ, ಅದು ಅಪರಾಧ. ಕಸದ ಬುಟ್ಟಿಗೆ ಹಾಕಬೇಕು, ಇಲ್ಲಾ ಬೇರೆಯವರಿಗೆ ಕೊಡಬೇಕು. ಮಾರನೇ ದಿನಕ್ಕೆ ಉಳಿಸಿಕೊಳ್ಳೋದಾದರೆ ಕೆರೆ ನೀರು ಚೆಲ್ಲಿ, ಮನೆಯಿಂದ ತಂದ ನೀರು ತುಂಬಿಕೊಂಡೇ ದಡ ಬಿಡಬೇಕು. ನಲ್ಲಿ ನೀರಿನ ಕ್ಲೋರಮೈನ್ ರಾತ್ರಿಯೆಲ್ಲ ತೆರೆದಿಟ್ಟರೂ ಹೋಗಲ್ಲ, ಮಿನ್ನೋ ಸಾಯುತ್ತವೆ. ಅಕ್ವೇರಿಯಂಗೆ ಹಾಕೋ ನೀರಿನ ಔಷಧಿ ನಾಲ್ಕು ಹನಿ ಹಾಕು. ದೋಣಿ ನೀರಿನಿಂದ ತೆಗೆದ ಮೇಲೂ ಅಷ್ಟೇ. ತಳದ ಬಿರಡೆ ತೆಗೆದು ನೀರೆಲ್ಲ ಬಸಿದು, ಟ್ರೇಲರಿಗೆ ಅಂಟಿದ ಜೊಂಡು ಕಿತ್ತು, ಬಿರಡೆ ತೆಗೆದಿರೋ ಹಾಗೇ ರಸ್ತೆಗೆ ಇಳಿಯಬೇಕು. ಜೀಬ್ರಾ ಮಸಲ್ ಅನ್ನೋ ಚಿಪ್ಪುಹುಳು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗೋದು ಹೀಗೇ. ನಮ್ಮ ಕೆರೆಗಳಲ್ಲಿ ಕತ್ತೆಕಿವಿ ಸೊಪ್ಪು ಹಬ್ಬಿ ಏನಾಯ್ತು ಅಂತ ನೀನು ಕಂಡಿದ್ದೀಯ, ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಬೆಳಗ್ಗೆ ದೋಣಿ ಇಳಿಸೋ ಮುಂಚೆ ಆ ಬಿರಡೆ ಮತ್ತೆ ಹಾಕಿದ್ದಾರಾ ಅಂತ ನೀನೂ ಒಂದು ಸಲ ಬಗ್ಗಿ ನೋಡು. ಓಪನರ್ ದಿನ ಗಡಿಬಿಡಿಯಲ್ಲಿ ಬಿರಡೆ ಮರೆತು ದೋಣಿಗೆ ನೀರು ತುಂಬೋದು ಎಲ್ಲ ದೋಣಿಕಟ್ಟೆಯಲ್ಲೂ ನಡೆಯೋ ಮಾತು.

ಹಿಡಿಯೋ ಬಗೆ. ವಾಲೈ ಮೊಟ್ಟೆ ಇಡೋದು ನೀರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ, ಸೆಲ್ಸಿಯಸ್‌ನಲ್ಲಿ 6ರಿಂದ 10. ಓಪನರ್ ಹೊತ್ತಿಗೆ ಆ ಕೆಲಸ ಮುಗಿದಿರುತ್ತೆ ಇಲ್ಲಾ ಮುಗೀತಿರುತ್ತೆ, ಹಾಗಾಗಿ ಮೀನು ಇನ್ನೂ ಆಳಕ್ಕೆ ಹೋಗಿರಲ್ಲ. ಕಲ್ಲು, ಜಲ್ಲಿ ಇರೋ ದಂಡೆ, ಹೊಳೆ ಬಂದು ಸೇರೋ ಬಾಯಿ, ಗಾಳಿ ಹೊಡೀತಾ ಇರೋ ಕಡೆಯ ತೀರ, ಆರರಿಂದ ಹನ್ನೆರಡು ಅಡಿ ನೀರು, ಅಲ್ಲಿ ನೋಡು. ಅದರ ಕಣ್ಣಿನ ಹಿಂದೆ ಬೆಳಕನ್ನ ಎರಡನೇ ಸಲ ತಿರುಗಿಸೋ ಪೊರೆ ಇದೆ, ಹಸುವಿನ ಕಣ್ಣಿಗೆ ರಾತ್ರಿ ಟಾರ್ಚ್ ಬಿಟ್ಟರೆ ಹೊಳೆಯುತ್ತಲ್ಲ, ಅದೇ ಪೊರೆ. ನಸುಕು, ಮುಸ್ಸಂಜೆ, ಮೋಡ, ಸಣ್ಣ ಅಲೆ ಇದ್ದಾಗ ಅದಕ್ಕೆ ಬೇಟೆ ಸಲೀಸು. ಕನ್ನಡಿಯಂಥ ನೀರು, ಸುಡು ಬಿಸಿಲು ಇದ್ದರೆ ಊಟ ಮಾಡಿ ಮಲಗು. ಜಿಗ್ ಎಸೆದು ತಳ ಮುಟ್ಟೋವರೆಗೆ ಬಿಡು, ದಾರ ಸಡಿಲವಾದದ್ದು ಕಾಣುತ್ತೆ. ಅಲ್ಲಿಂದ ಒಂದು ಗೇಣು ಮೆಲ್ಲಗೆ ಎತ್ತು, ದಾರ ಬಿಗಿಯಾಗಿಟ್ಟುಕೊಂಡೇ ಇಳಿಸು. ಮೀನು ಹಿಡಿಯೋದು ಇಳಿಯುವಾಗ. ಟಿಕ್ ಅಂತ ಒಂದು ತಟ್ಟು, ಇಲ್ಲಾ ಒದ್ದೆ ಬಟ್ಟೆ ಸಿಕ್ಕಿಕೊಂಡಷ್ಟು ಭಾರ. ಬಾಲ ಮಾತ್ರ ಕಚ್ಚಿ ಹೋಗ್ತಿದ್ದರೆ ಒಂದು ಉಸಿರಿನಷ್ಟು ತಡೆದು ಆಮೇಲೆ ಎತ್ತು.

ಇಲ್ಲೇ ನಮ್ಮ ಕಡೆಯವರ ಕೈ ಗೆಲ್ಲೋದು. ಬರೀ ದಾರವನ್ನ ತೋರುಬೆರಳಿಗೆ ಸುತ್ತಿಕೊಂಡು ಪಕ್ಕೆ ಮೀನಿನ ಸಣ್ಣ ತಟ್ಟು ಗುರುತಿಸಿದ ಬೆರಳಿಗೆ ಇಲ್ಲಿನ ಸಾವಿರ ಡಾಲರಿನ ಮೀನು ಕಾಣೋ ಯಂತ್ರ ಸಮ ಇಲ್ಲ. ರೀಲಿನ ಮುಂದಿನ ದಾರಕ್ಕೆ ಆ ಬೆರಳು ಆನಿಸಿಟ್ಟಿರು. ಕುಣಿಗಲ್ ದೊಡ್ಡಕೆರೆ ಏರಿ ಮೇಲೆ ನನಗೆ ಅದನ್ನ ಕಲಿಸಿದ ನಮ್ಮಪ್ಪ ಈ ನೀರು ನೋಡಲೇ ಇಲ್ಲ. ಜಿಗ್ ತಳ ಮುಟ್ಟಿದ್ದು ಬೆರಳಿಗೆ ತಿಳಿದಾಗಲೆಲ್ಲ ಅದೊಂದು ಚುಚ್ಚುತ್ತೆ.

ದಡದಿಂದ ಹಿಡಿಯೋದಾದರೆ ಜಾರು ಬೆಂಡು ಕಟ್ಟು. ನಮ್ಮ ಬೆಂಡು ದಾರಕ್ಕೆ ಕಚ್ಚಿಕೊಂಡಿರುತ್ತೆ, ಇದು ದಾರದ ಮೇಲೆ ಜಾರುತ್ತೆ. ಮೇಲೆ ನೂಲಿನ ಸಣ್ಣ ಗಂಟು, ಅದರ ಕೆಳಗೆ ಮಣಿ, ಆಮೇಲೆ ಬೆಂಡು, ಒಂದು ಸೀಸದ ಕಾಳು, 6ನೇ ನಂಬರಿನ ಗಾಳ. ತಳಕ್ಕಿಂತ ಒಂದಡಿ ಮೇಲೆ ನಿಲ್ಲೋ ಹಾಗೆ ನೂಲಿನ ಗಂಟನ್ನ ಜರುಗಿಸು. ಹೀಗಾದರೆ ಹತ್ತಡಿ ಆಳಕ್ಕೂ ಸಲೀಸಾಗಿ ಎಸೆಯಬಹುದು.

ಈಗ ನೀರಿನ ಮಾತು. ಮೇ ತಿಂಗಳ ಆ ಶನಿವಾರ ಮಧ್ಯಾಹ್ನ ಹೊರಗಿನ ಹವೆ 18, 20 ಡಿಗ್ರಿ ಇರಬಹುದು, ಬಿಸಿಲು ಹಿತವಾಗಿರುತ್ತೆ, ಜನ ಟೀ ಶರ್ಟಿನಲ್ಲಿ ಇರ್ತಾರೆ. ಕೆಳಗಿನ ನೀರು ಮೊನ್ನೆ ಮೊನ್ನೆವರೆಗೂ ಐಸ್ ಆಗಿದ್ದದ್ದು. 2013ರಲ್ಲಿ ಓಪನರ್ ದಿನವೇ ಉತ್ತರದ ಎಷ್ಟೋ ಕೆರೆಗಳ ಮೇಲೆ ಐಸ್ ಇತ್ತು. ಸಾಮಾನ್ಯ ವರ್ಷದಲ್ಲೂ ಆ ನೀರು 7ರಿಂದ 10 ಡಿಗ್ರಿ ಸೆಲ್ಸಿಯಸ್. ಧನುರ್ಮಾಸದ ನಸುಕಿನಲ್ಲಿ ತಣ್ಣೀರು ಸುರಕೊಂಡೆ ಅಂತೀಯಲ್ಲ, ಆ ಬಾವಿ ನೀರು ಇಪ್ಪತ್ತರ ಮೇಲಿರುತ್ತೆ. ನಮ್ಮ ಜಿಲ್ಲೆಯವರಿಗೆ ನೀರು ಅಂದರೆ ಸಿಕ್ಕಿದರೆ ಭಾಗ್ಯ, ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಕಲಿತ ಈಜು. ತಣ್ಣಗಿರೋ ನೀರು ಕೊಲ್ಲುತ್ತೆ ಅನ್ನೋ ತಿಳಿವಳಿಕೆ ನಮಗೆ ಯಾರೂ ಕೊಟ್ಟಿಲ್ಲ, ಅಲ್ಲಿ ಅದು ಬೇಕಾಗಿಯೂ ಇರಲಿಲ್ಲ. ಇಲ್ಲಿ ಮುಳುಗೋರಲ್ಲಿ ಈಜು ಬರೋರೂ ಇರ್ತಾರೆ. ದೋಣಿ ಕೈಗೆಟುಕೋ ದೂರದಲ್ಲಿರುವಾಗಲೇ ಹೋಗ್ತಾರೆ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅನ್ನೋ ವಿಜ್ಞಾನಿ ತಾನೇ ಐಸ್ ನೀರಿಗೆ ಇಳಿದು ಇದನ್ನ ಅಭ್ಯಾಸ ಮಾಡಿದವರು. ಅವರ ಲೆಕ್ಕ 1-10-1. ಮೊದಲ 1 ನಿಮಿಷ: ತಣ್ಣೀರು ಮೈಗೆ ಬಡಿದ ಕೂಡಲೇ ಬಾಯಿ ತಾನಾಗಿ ತೆರೆದು ದೊಡ್ಡ ಉಸಿರು ಒಳಗೆ ಹೋಗುತ್ತೆ, ಆಮೇಲೆ ಏದುಸಿರು. ತಡೆಯೋಣ ಅಂದರೂ ತಡೆಯೋಕೆ ಆಗಲ್ಲ. ಆ ಕ್ಷಣ ತಲೆ ನೀರಿನೊಳಗಿದ್ದರೆ ಒಳಗೆ ಹೋಗೋದು ಗಾಳಿಯ ಬದಲು ನೀರು, ಈಜಿನ ಪ್ರಶ್ನೆ ಅಲ್ಲಿಗೇ ಮುಗೀತು. ಮುಂದಿನ 10 ನಿಮಿಷ: ಮೈ ಒಳಗಿನ ಶಾಖ ಉಳಿಸೋಕೆ ರಕ್ತ ಕೈಕಾಲು ಬಿಟ್ಟು ಎದೆಗೆ ಬರುತ್ತೆ. ಬೆರಳು ಮಡಚಲ್ಲ, ಹಗ್ಗ ಹಿಡಿಯೋಕಾಗಲ್ಲ, ತೋಳು ಎತ್ತೋಕಾಗಲ್ಲ. ಲೈಫ್ ಜಾಕೆಟ್ ಇಲ್ಲದವನು ಮುಳುಗೋದು ಬಹುಮಟ್ಟಿಗೆ ಇಲ್ಲೇ. ಕೊನೆಯ 1 ಗಂಟೆ: ಮೈ ಪೂರ್ತಿ ತಣ್ಣಗಾಗಿ ಪ್ರಜ್ಞೆ ತಪ್ಪೋಕೆ ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತೆ. ಅಂದರೆ ತಲೆ ಮೇಲೆತ್ತಿ ತೇಲಿಸೋದು ಮೈಮೇಲೆ ಇದ್ದರೆ ನಿನ್ನನ್ನ ಹುಡುಕಿ ಎತ್ತೋಕೆ ಅವರಿಗೆ ಒಂದು ಗಂಟೆ ಇದೆ. ಇಲ್ಲದಿದ್ದರೆ ಕೆಲವು ನಿಮಿಷ. ಆಮೇಲೆ ಹಾಕಿಕೊಳ್ತೀನಿ ಅಂತ ಸೀಟಿನ ಕೆಳಗೆ ಇಟ್ಟ ಜಾಕೆಟ್ಟನ್ನ ನೀರಿಗೆ ಬಿದ್ದ ಮೇಲೆ ತೊಡೋಕೆ ಬೆರಳು ಬಗ್ಗಲ್ಲ.

ಕಾನೂನು ಕೇಳೋದು ದೋಣಿಯಲ್ಲಿ ತಲೆಗೊಂದು ಜಾಕೆಟ್ ಇರಲಿ ಅಂತ, ಹತ್ತು ವರ್ಷದೊಳಗಿನ ಮಕ್ಕಳು ಮಾತ್ರ ತೊಟ್ಟಿರಲಿ ಅಂತ. ದೊಡ್ಡವರು ತೊಡದೆ ಕೂತಿರೋದನ್ನ ನೀನು ನೋಡ್ತೀಯ. ಅವರನ್ನ ನೋಡಿ ನಾಚಿಕೊಂಡು ಬಿಚ್ಚಬೇಡ. ದೋಣಿಕಟ್ಟೆ ಹಲಗೆ ಮೇಲೆ ಕಾಲಿಡೋ ಮುಂಚೆ ತೊಟ್ಟು, ವಾಪಸ್ಸು ನೆಲಕ್ಕೆ ಬಂದ ಮೇಲೇ ಬಿಚ್ಚು. ಗ್ಯಾಸ್ ತುಂಬಿ ಊದೋ ತೆಳು ಜಾಕೆಟ್ ಬೇಡ, ಅದರ ಸಿಲಿಂಡರ್ ಸರಿ ಇದೆಯಾ ಅಂತ ನೀನು ಪರೀಕ್ಷೆ ಮಾಡಿರಲ್ಲ. ಮೇ ತಿಂಗಳಿಗೆ ಫೋಮಿನದೇ ಸರಿ, ಚಳಿಗೂ ಆಗುತ್ತೆ. ಜಿಪ್ಪು, ಪಟ್ಟಿ ಎಲ್ಲಾ ಹಾಕಿದ ಮೇಲೆ ಇನ್ನೊಬ್ಬರಿಂದ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸು. ಗಲ್ಲ, ಕಿವಿವರೆಗೆ ಬಂದರೆ ಅದು ದೊಡ್ಡದಾಯ್ತು, ನೀರಿನಲ್ಲಿ ತಲೆ ಮೇಲಿಂದ ಕಳಚಿ ಹೋಗುತ್ತೆ.

ಬೀಳೋದು ಹೇಗೆ ಅಂದರೆ, ಮೀನನ್ನ ಬಲೆಗೆ ತಗೊಳ್ಳೋಕೆ ಇಬ್ಬರೂ ಒಂದೇ ಕಡೆ ಎದ್ದು ನಿಂತಾಗ, ಲಂಗರು ಎಳೆಯುವಾಗ, ಮೂತ್ರಕ್ಕೆ ಅಂತ ಅಂಚಿನಲ್ಲಿ ನಿಂತಾಗ. ಇದಕ್ಕೆ ಒಂದು ಅಗಲ ಬಾಯಿಯ ಬಾಟಲಿ ಇಟ್ಟುಕೋ, ಇದರಲ್ಲಿ ಸಂಕೋಚ ಬೇಡ. ಲಂಗರು ಯಾವಾಗಲೂ ಮೂತಿ ಕಡೆಯಿಂದ ಕಟ್ಟಬೇಕು. ಮೋಟಾರಿರೋ ಹಿಂಭಾಗಕ್ಕೆ ಕಟ್ಟಿದರೆ ಅಲೆ ಹತ್ತಿ ದೋಣಿ ತುಂಬುತ್ತೆ. ಹಗ್ಗ ಆಳದ ಐದರಿಂದ ಏಳರಷ್ಟು ಉದ್ದ ಬಿಡಬೇಕು. ಮೋಟಾರು ನಡೆಸೋರು ಕಿಲ್ ಸ್ವಿಚ್ಚಿನ (ಅವರು ಬಿದ್ದರೆ ಮೋಟಾರು ನಿಲ್ಲಿಸೋ ಸ್ವಿಚ್ಚು) ದಾರ ಮೈಗೆ ಸಿಕ್ಕಿಸಿಕೊಂಡಿದ್ದಾರಾ ನೋಡು, 2021ರ ಏಪ್ರಿಲ್‌ನಿಂದ ಸಣ್ಣ ದೋಣಿಗಳಿಗೆ ಅದು ಕಡ್ಡಾಯ. ಬಿದ್ದರೆ ಏನು ಮಾಡಬೇಕು ಅಂದರೆ: ಮೊದಲು ಉಸಿರು. ಒಂದು ನಿಮಿಷ ಏನೂ ಮಾಡದೆ ತೇಲು, ಏದುಸಿರು ಇಳಿಯುತ್ತೆ. ಆಮೇಲೆ ದೋಣಿ ಕಡೆಗೆ. ದಡ ಎಷ್ಟು ಹತ್ತಿರ ಕಂಡರೂ ದೋಣಿ ಬಿಡಬೇಡ, ಮಗುಚಿದ್ದರೆ ಅದರ ಬೆನ್ನ ಮೇಲೆ ಎಷ್ಟು ಮೈ ಹತ್ತಿಸೋಕಾಗುತ್ತೋ ಅಷ್ಟು ಹತ್ತಿಸು. ಯಾವುದೂ ಸಿಗದಿದ್ದರೆ ಮಂಡಿ ಎದೆಗೆ ಒತ್ತಿ, ತೋಳು ಕಟ್ಟಿ ಮುದುಡಿಕೊಂಡಿರು.

ಮಿಲ್ ಲ್ಯಾಕ್ಸ್ ಬಗ್ಗೆ ಬೇರೆಯಾಗೇ ಹೇಳಬೇಕು. ಒಂದು ಲಕ್ಷದ ಮೂವತ್ತೆರಡು ಸಾವಿರ ಎಕರೆ ನೀರು, ಆದರೆ ಅತಿ ಆಳದ ಜಾಗವೂ 42 ಅಡಿ ಅಷ್ಟೇ. ಅಗಲ ಹೆಚ್ಚು, ಆಳ ಕಮ್ಮಿ ಇರೋ ನೀರಿನಲ್ಲಿ ಗಾಳಿ ಎದ್ದರೆ ಅಲೆ ಬೇಗ ಏಳುತ್ತೆ, ಒತ್ತೊತ್ತಾಗಿ, ಕಡಿದಾಗಿ. ಗಾಳಿಯ ಮುನ್ಸೂಚನೆ ನೋಡದೆ ಆ ಕೆರೆಗೆ ಸಣ್ಣ ದೋಣಿ ಇಳಿಸಬಾರದು. ಕರೆದವರು "ಏನಾಗಲ್ಲ" ಅಂದರೂ ನಿನಗೆ ಸರಿ ಕಾಣದಿದ್ದರೆ ದಡದಲ್ಲೇ ಇರ್ತೀನಿ ಅನ್ನು. ದೊಡ್ಡವರು ಕರೆದಾಗ ಬೇಡ ಅನ್ನೋದು ನಮ್ಮಲ್ಲಿ ಮರ್ಯಾದೆ ಅಲ್ಲ, ಗೊತ್ತು. ಇಲ್ಲಿ ಅದನ್ನ ಯಾರೂ ತಪ್ಪು ತಿಳಿಯಲ್ಲ. ಶುಕ್ರವಾರ ಮಧ್ಯರಾತ್ರಿ ಇಳಿಯೋ ಗುಂಪಿನ ಜೊತೆ ಮೊದಲ ವರ್ಷ ಹೋಗಲೇಬೇಡ.

ಬಟ್ಟೆ ಸುಲಭ. ಹತ್ತಿಯದು ಬೇಡ, ನೆಂದರೆ ಒಣಗಲ್ಲ. ಒಳಗೆ ಪಾಲಿಯೆಸ್ಟರ್, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ನೀರು ಇಳಿಯದ ಜಾಕೆಟ್ಟು ಮತ್ತು ಪ್ಯಾಂಟು. ಕಿವಿ ಮುಚ್ಚೋ ಟೋಪಿ, ಎರಡು ಜೊತೆ ಕೈಗವಸು, ಇನ್ನೊಂದು ಪೂರ್ತಿ ಜೊತೆ ಬಟ್ಟೆ ನೀರು ಹೋಗದ ಚೀಲದಲ್ಲಿ.

ಹಿಡಿದದ್ದನ್ನ ಮನೆಗೆ ತರಬಹುದು, ಲೆಕ್ಕದೊಳಗೆ. ರಾಜ್ಯದ ಸಾಮಾನ್ಯ ನಿಯಮ ಬಹಳ ಕಾಲದಿಂದ ಒಬ್ಬರಿಗೆ ವಾಲೈ 6, ಅದರಲ್ಲಿ 20 ಇಂಚು ಮೀರಿದ್ದು ಒಂದೇ. ಆದರೆ ಮಿಲ್ ಲ್ಯಾಕ್ಸ್‌ಗೆ ಬೇರೆಯೇ ನಿಯಮ, ಅದೂ ವರ್ಷ ವರ್ಷ ಬದಲಾಗುತ್ತೆ, ಒಂದು ವಾಲೈಯನ್ನೂ ಇಟ್ಟುಕೊಳ್ಳೋ ಹಾಗಿಲ್ಲದ ವರ್ಷಗಳೂ ಹೋಗಿವೆ. ಹೊರಡೋ ಮುಂಚೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ (ಡಿ.ಎನ್.ಆರ್.) ತರೋ ಆ ವರ್ಷದ ನಿಯಮದ ಪುಸ್ತಕದಲ್ಲಿ ಆ ಕೆರೆಯ ಹೆಸರು ಹುಡುಕಿ ನೋಡು. ಅಳೆಯೋದು ಮೂತಿಯಿಂದ, ಬಾಲದ ಎರಡೂ ಕವಲು ಒತ್ತಿ ಹಿಡಿದ ತುದಿವರೆಗೆ. ನಮ್ಮವರು ಎಡವೋದು ಫ್ರೀಜರಿನ ಲೆಕ್ಕದಲ್ಲಿ: ಮಿತಿ ಅಂದರೆ ದಿನಕ್ಕೆ ಇಷ್ಟು ಅಂತಲ್ಲ, ನಿನ್ನ ವಶದಲ್ಲಿರೋದು ಒಟ್ಟು ಅಷ್ಟು. ಕಳೆದ ವಾರದ್ದು ಮನೆ ಫ್ರೀಜರಿನಲ್ಲಿ ನಾಲ್ಕಿದ್ದರೆ ಈ ವಾರ ಎರಡೇ. ಊರಲ್ಲಿ ಹಂಚಿದ ಹಾಗೆ ಗೆಳೆಯರಿಗೆ ಕೊಟ್ಟರೆ ಅದು ಅವರ ಲೆಕ್ಕಕ್ಕೆ ಸೇರುತ್ತೆ. ಅಳತೆ ನಿಯಮ ಇರೋ ಕೆರೆಯ ಮೇಲೆ ಇರುವಾಗ ತಲೆ, ಬಾಲ ತೆಗೆಯೋ ಹಾಗಿಲ್ಲ. ವಾಲೈಯ ಮುಳ್ಳು ತೆಗೆದ ತುಂಡನ್ನ ಸಾಗಿಸುವಾಗ ಒಂದು ಇಂಚು ಚದರದ ಚರ್ಮ, ಹುರುಪೆ ಸಮೇತ, ಪ್ರತಿ ತುಂಡಿಗೂ ಉಳಿಸಬೇಕು, ಯಾವ ಮೀನು ಅಂತ ಗುರುತು ಸಿಗಲಿ ಅಂತ.

ವಾಲೈಯನ್ನ ಬಾಯಿಗೆ ಬೆರಳು ಹಾಕಿ ಹಿಡಿಯಬೇಡ, ಹಲ್ಲಿದೆ, ಕಿವಿರು ಮುಚ್ಚಳ ಕೊಯ್ಯುತ್ತೆ, ಬೆನ್ನಿಗೆ ಮುಳ್ಳಿದೆ. ಇಕ್ಕಳ ಇಟ್ಟುಕೋ. ದೊಡ್ಡದು ಬಹುಪಾಲು ಹೆಣ್ಣು, ಬಿಟ್ಟುಬಿಡು. ಪಾದರಸವೂ ದೊಡ್ಡದರಲ್ಲೇ ಜಾಸ್ತಿ, ಬಸುರಿಯರು, ಸಣ್ಣ ಮಕ್ಕಳು ಇರೋ ಮನೆಗೆ ಕೊಡಬಾರದು. 15, 16 ಇಂಚಿನದು ತಿನ್ನೋಕೆ ರುಚಿ.

ಓಪನರ್ ಬರೋದು ಶನಿವಾರ. ನಿಮ್ಮ ಮನೇಲಿ ಶನಿವಾರ ತಿನ್ನಲ್ಲ ಅಂದರೆ ಹೊಟ್ಟೆ ಸೀಳಿ, ಕಿವಿರು ತೆಗೆದು, ಐಸಿನಲ್ಲಿ ಹೂತಿಡು. ಕರಗಿದ ನೀರಿನಲ್ಲಿ ಮುಳುಗಿರಬಾರದು, ಮೆತ್ತಗಾಗುತ್ತೆ. ಭಾನುವಾರಕ್ಕೆ ಚೆನ್ನಾಗೇ ಇರುತ್ತೆ. ಕರೆದವರು ತಲೆ, ಮುಳ್ಳಿನ ಗೂಡು ಎಸೀತಾರೆ, ಕೇಳಿ ಇಸ್ಕೊ. ಸಾರಿಗೆ ರುಚಿ ಕೊಡೋದೇ ಅದು. ಹುಣಸೆಹುಳಿ, ಧನಿಯ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲಾ ಊರಿನ ಅಳತೆಯೇ ಇರಲಿ, ತಲೆ ಮತ್ತು ಗೂಡನ್ನ ಮೊದಲು ಹಾಕಿ ಕುದಿಸು. ತುಂಡು ಮಾತ್ರ ಕೊನೆಗೆ, ಐದಾರು ನಿಮಿಷ, ಸೌಟು ಆಡಿಸದೆ ಪಾತ್ರೆ ಹಿಡಿದು ತಿರುಗಿಸು. ವಾಲೈ ಮಾಂಸ ಎಸಳು ಎಸಳು, ಕಾಟ್ಲಾ ಥರ ಕುದಿ ತಡೆಯಲ್ಲ. ರಾತ್ರಿಯಿಟ್ಟು ಬೆಳಗ್ಗೆ ಮುದ್ದೆಗೆ ಹಾಕಿಕೊಳ್ಳೋ ಆಸೆ ಇದ್ದರೆ ತುಂಡುಗಳನ್ನ ಬೇರೆ ತೆಗೆದಿಡು. ಪೈಕ್ ಗಟ್ಟಿ, ಸಾರಿಗೆ ಇನ್ನೂ ಒಗ್ಗುತ್ತೆ, ಆದರೆ ಬೆನ್ನಿನುದ್ದಕ್ಕೂ ಕವಲು ಮುಳ್ಳು ಇರುತ್ತೆ, ದೀಪದ ಕೆಳಗೆ ಕೂತು ತಿನ್ನು. ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ. ಆ ಭಾನುವಾರವೇ ಸಾಮಾನ್ಯವಾಗಿ ಇಲ್ಲಿ ಅಮ್ಮಂದಿರ ದಿನ. ಊರಿನ ಗಡಿಯಾರ ಹತ್ತೂವರೆ ಗಂಟೆ ಮುಂದೆ, ಬೆಳಗ್ಗೆ ಮೀನು ಹಿಡಿಯೋ ಮುಂಚೆಯೇ ಅಮ್ಮನಿಗೆ ಫೋನ್ ಮಾಡು.

ರಾಡು, ರೀಲು ಕೊಳ್ಳೋಕೆ ದುಡ್ಡು ಕಮ್ಮಿ ಬಿದ್ದರೆ ನನ್ನ ಹತ್ತಿರ ಇರೋದು ಕೊಡ್ತೀನಿ. ಲೈಫ್ ಜಾಕೆಟ್ ಮಾತ್ರ ನಿನ್ನ ಅಳತೆಗೇ ಹೊಸದು ಆಗಬೇಕು, ಅದು ನನ್ನ ಕಡೆಯಿಂದ. ದೊಡ್ಡವರದ್ದು ತೂಕದಿಂದ ನೋಡಲ್ಲ, ಎದೆ ಸುತ್ತಳತೆಯಿಂದ. ಸ್ವೆಟರ್ ಹಾಕಿಕೊಂಡು, ಕಂಕುಳ ಕೆಳಗೆ ಟೇಪು ಸುತ್ತಿ, ಎಷ್ಟು ಇಂಚು ಬಂತು ಅಂತ ಈ ವಾರದೊಳಗೆ ಬರೆದು ಕಳಿಸು.